ಹುದಿಕೇರಿಯಿಂದ ಬೆಂಗಳೂರಿಗೆ: ನೆಲೆಯನ್ನು ಆರಿಸುವ ವಿಷಯ



ಹುದಿಕೇರಿ, ಹೈಸೊಡ್ಲೂರು, ಶ್ರೀಮಂಗಲ, ಬಿರುನಾಣಿ ಮೊದಲಾದ ದಕ್ಷಿಣ ಕೊಡಗಿನ ಊರುಗಳಲ್ಲಿ ಬೆಂಗಳೂರಿನ ಸಂಬಂಧವಿಲ್ಲದ ಮನೆಯೊಂದನ್ನು ಈಗ ಹುಡುಕಿ ತೋರಿಸುವುದು ಕಷ್ಟ. ಓದಿಗೆಂದೋ ಸೇನೆಗೆಂದೋ ಮನೆಯ ಒಬ್ಬ ಮಗ ಹೊರಟು, ರಜೆಗಳಲ್ಲಿ ಬಂದುಹೋಗಿ, ಕಡೆಗೆ ವಿಶ್ರಾಂತಿವೇತನದೊಡನೆ ಊರಿಗೇ ಮರಳುತ್ತಿದ್ದ ಕಾಲ ಸರಿದು, ಮಗನ ಹಿಂದೆ ಸೊಸೆ, ಮೊಮ್ಮಕ್ಕಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಅಜ್ಜ ಎಂಬ ಕ್ರಮದಲ್ಲಿ ಸಂಸಾರಕ್ಕೆ ಸಂಸಾರವೇ ಬಸ್ಸು ಹತ್ತುವ ಕಾಲ ಬಂದಿದೆ. ಹೊರಡುವ ಮೊದಲು ಮನೆಯಲ್ಲಿ ಆಗುವ ಆಲೋಚನೆ ಅಲ್ಪವಾದುದಲ್ಲ: ಕಾಫಿ ಕುಯ್ಲಿನ ಮೇಲ್ವಿಚಾರಣೆ ಯಾರದು, ಹಸುವನ್ನು ಯಾರ ವಶಕ್ಕೆ ಕೊಡುವುದು, ಮೂಲಮನೆಯಾದ ಐನ್‌ಮನೆಯಲ್ಲಿ ಸಂಜೆಯ ದೀಪ ಹಚ್ಚುವವರು ಯಾರು ಎಂದು ತಿಂಗಳುಗಟ್ಟಲೆ ಮಾತಾಗುತ್ತದೆ. ಆದರೆ ಅಷ್ಟು ದೊಡ್ಡ ನಗರದ ಯಾವ ಭಾಗದಲ್ಲಿ ಮನೆಮಾಡತಕ್ಕದ್ದು ಎಂಬ ಪ್ರಶ್ನೆ ಮಾತ್ರ ಬಾಡಿಗೆ ಎಷ್ಟು, ಆಫೀಸು ಎಷ್ಟು ದೂರ ಎಂಬ ಎರಡೇ ಮಾತುಗಳಲ್ಲಿ ಮುಗಿದುಹೋಗುತ್ತದೆ. ಈ ಪ್ರಶ್ನೆಯನ್ನು ಇನ್ನಷ್ಟು ವಿಸ್ತಾರವಾಗಿ, ಇನ್ನಷ್ಟು ಕಳಕಳಿಯಿಂದ ಕೇಳಿಕೊಳ್ಳಬೇಕೆಂಬುದೇ ಈ ಭಾಷಣದ ಉದ್ದೇಶ.

ಕೊಡಗಿನವರಿಗೆ ಬೆಂಗಳೂರು ಹೊಸತಲ್ಲ. 1834ರಲ್ಲಿ ಕೊಡಗು ಕುಂಪಣಿ ಸರಕಾರದ ಕೈಸೇರಿದ ಮೇಲೆ, ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಅಧಿಕಾರವೇ ಇಲ್ಲಿಗೂ ವಿಸ್ತರಿಸಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ವಶಕ್ಕೆ ಮರಳಿದ ಅನಂತರವೂ, ಬೆಂಗಳೂರಿನ ರೆಸಿಡೆನ್ಸಿಯಲ್ಲಿ ಕುಳಿತ ರೆಸಿಡೆಂಟನೇ 1940ರವರೆಗೆ ಕೊಡಗಿನ ಚೀಫ್ ಕಮಿಷನರೂ ಆಗಿದ್ದನು. ಇಂದು ರಾಜಭವನವೆಂದು ಕರೆಯಲ್ಪಡುವ ಆ ಕಟ್ಟಡಕ್ಕೆ ನಮ್ಮ ಹಿರಿಯರ ಅರ್ಜಿಗಳು ಹೋಗುತ್ತಿದ್ದುವು. ಅದರಿಂದ ಬಹುದೂರವಲ್ಲದ ವಸಂತನಗರದಲ್ಲಿಯೇ ಬೆಂಗಳೂರಿನ ಕೊಡವ ಸಮಾಜ ಇರುವುದನ್ನು ನೀವೆಲ್ಲರೂ ಬಲ್ಲಿರಿ. ಮದುವೆಗೋ ಪುತ್ತರಿಗೋ ಅಲ್ಲಿಗೆ ಹೋಗದವರು ವಿರಳ. 1809ರಲ್ಲಿ ಸ್ಥಾಪಿತವಾದ ದಂಡಿನ ಪ್ರದೇಶವು ಸೇನೆಯೊಡನೆ ನಂಟುಳ್ಳ ನಮ್ಮ ಅನೇಕ ಕುಟುಂಬಗಳನ್ನು ಹಲಸೂರು, ಫ್ರೇಜರ್ ಟೌನ್, ಕುಕ್ ಟೌನ್ ಮೊದಲಾದ ಕಡೆಗಳಿಗೆ ಸಹಜವಾಗಿಯೇ ಸೆಳೆಯಿತು. ಬಳಿಕ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1954ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿಕೊಂಡು, ಕಾರ್ಖಾನೆಯ ಸುತ್ತಲೇ ಉದ್ಯೋಗಸ್ಥರ ವಸತಿಗಳೂ ಶಾಲೆಗಳೂ ಆಸ್ಪತ್ರೆಗಳೂ ಎದ್ದುವು. ಆ ದಿನಗಳಲ್ಲಿ ಎಲ್ಲಿ ಇರಬೇಕೆಂಬುದನ್ನು ಒಂದರ್ಥದಲ್ಲಿ ಉದ್ಯೋಗವೇ ನಿರ್ಧರಿಸುತ್ತಿತ್ತು; ಕ್ವಾರ್ಟರ್ಸು ದೊರೆತವನಿಗೆ ನೀರು, ದೀಪ, ನೆರೆಹೊರೆಗಳೆಲ್ಲವೂ ಅದರೊಡನೆಯೇ ದೊರೆಯುತ್ತಿದ್ದುವು. ಈಗಿನ ಉದ್ಯೋಗಗಳು ಸಂಬಳವನ್ನು ಧಾರಾಳವಾಗಿ ಕೊಟ್ಟರೂ ನೆಲೆಯನ್ನು ಕೊಡುವುದಿಲ್ಲ. ಆರಿಸುವ ಭಾರ ಸಂಪೂರ್ಣವಾಗಿ ಸಂಸಾರದ ಮೇಲೆ ಬಿದ್ದಿದೆ.

ಈ ಭಾರವನ್ನು ಸಾಮಾನ್ಯವಾಗಿ ಹೊರುವವರು ಯಾರು? ಮೊದಲು ಕೆಲಸ ಸಿಕ್ಕಿದ ಮಗನೋ ಮಗಳೋ, ವೈಟ್‌ಫೀಲ್ಡಿನಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೋ ಹೊರವರ್ತುಲ ರಸ್ತೆಯಲ್ಲಿಯೋ ತಮ್ಮ ಆಫೀಸಿನ ಮಗ್ಗುಲಲ್ಲೊಂದು ಕೋಣೆ ಹಿಡಿಯುತ್ತಾರೆ; ಅದು ಯುಕ್ತವೇ. ಮದುವೆಯಾದ ಮೇಲೆ ಅದೇ ಬೀದಿಯಲ್ಲಿ ಕೊಂಚ ದೊಡ್ಡ ಮನೆ ಹುಡುಕುತ್ತಾರೆ. ಮಗು ಹುಟ್ಟಿದ ಮೇಲೆ ತಂದೆತಾಯಿಗಳನ್ನು ಅಲ್ಲಿಗೇ ಕರೆಸಿಕೊಳ್ಳುತ್ತಾರೆ. ಹೀಗೆ, ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುವ ಒಬ್ಬರ ಅನುಕೂಲಕ್ಕೆಂದು ಆರಿಸಿದ ಜಾಗದಲ್ಲಿ, ಹಗಲಿಡೀ ಇರಬೇಕಾದ ನಾಲ್ವರು ನೆಲಸುವಂತಾಗುತ್ತದೆ. ಬಡಾವಣೆಯೆಂಬುದು ಯಥಾರ್ಥವಾಗಿ ಹಗಲು ಅಲ್ಲಿ ಇರುವವರ ಸ್ವತ್ತು: ಹಾಲಿಗೆ ಹೋಗುವ ಅಜ್ಜನದು, ಶಾಲೆಯ ಬಸ್ಸಿಗೆ ಮೊಮ್ಮಗಳನ್ನು ಕೈಹಿಡಿದು ನಡೆಸುವ ಅಜ್ಜಿಯದು, ಸಂಜೆ ಆಡುವ ಮಕ್ಕಳದು. ಹುದಿಕೇರಿಯಲ್ಲಿ ದಿನಕ್ಕೆರಡು ಬಾರಿ ತೋಟ ಸುತ್ತಿ, ಗದ್ದೆಯ ಬದುವಿನಲ್ಲಿ ನಿಂತು ನಾಲ್ಕು ಮಾತಾಡಿ, ಪೇಟೆಗೆ ನಡೆದುಹೋಗಿ ಪತ್ರಿಕೆ ತರುತ್ತಿದ್ದ ಎಪ್ಪತ್ತು ವರ್ಷದ ಹಿರಿಯರು, ನಡೆಯಲು ಕಾಲುಹಾದಿಯೇ ಇಲ್ಲದ ಹೆದ್ದಾರಿಯ ಬದಿಯ ಎತ್ತರದ ಕಟ್ಟಡವೊಂದರ ಹನ್ನೊಂದನೆಯ ಅಂತಸ್ತಿನಲ್ಲಿ ಕಿಟಕಿಗೆ ಮುಖಮಾಡಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಆ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಮಗ ಸೊಸೆಯರ ಪ್ರೀತಿಗಂತೂ ಇರಲೇ ಇಲ್ಲ. ಆದರೂ ಆರು ತಿಂಗಳೊಳಗೆ ಇಂಥ ಹಿರಿಯರ ನಡಿಗೆ ಕುಗ್ಗಿ, ಮಾತು ಕುಗ್ಗಿಹೋಗುವುದು ನಮ್ಮ ಮನೆಗಳಲ್ಲಿ ಪದೇ ಪದೇ ಕಾಣುತ್ತಿರುವ ಸಂಗತಿ. ಆದಕಾರಣ ಮನೆಯನ್ನು ನೋಡಲು ಹೋಗುವಾಗ ಹಿರಿಯರನ್ನೂ ಕರೆದೊಯ್ಯಬೇಕು. ಮನೆಯ ಬಾಗಿಲಿನಿಂದ ಹಾಲಿನ ಅಂಗಡಿಗೆ, ಔಷಧದ ಅಂಗಡಿಗೆ, ಒಂದು ಉದ್ಯಾನಕ್ಕೆ, ಒಂದು ದೇವಸ್ಥಾನಕ್ಕೆ ಅವರು ಒಬ್ಬರೇ ನಡೆದು ಹೋಗಿ ಬರಬಲ್ಲರೇ ಎಂಬುದನ್ನು ಪ್ರತ್ಯಕ್ಷವಾಗಿ ನಡೆದೇ ನೋಡಬೇಕು. ಬಾಡಿಗೆಯ ಪ್ರಸ್ತಾಪ ಅದರ ಅನಂತರ.

ನಮ್ಮ ಪೂರ್ವಿಕರು ಐನ್‌ಮನೆಗಳಿಗೆ ನೆಲವನ್ನು ಆರಿಸಿಕೊಂಡ ಬಗೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲವೆಂದು ಭಾವಿಸುತ್ತೇನೆ. ಗದ್ದೆಬಯಲು ಕಣ್ಣೆದುರಿಗೆ ಇರಬೇಕು, ಆದರೆ ಮನೆ ಅದಕ್ಕಿಂತ ಎತ್ತರದಲ್ಲಿರಬೇಕು. ಹಿಂದೆ ಬಾಣೆಯಿರಬೇಕು, ಆದರೆ ಕಡಿದಾದ ಇಳಿಜಾರಿನ ಬುಡದಲ್ಲಿ ಮನೆ ಇರಕೂಡದು. ಕುಡಿಯುವ ನೀರು ಸಮೀಪದಲ್ಲಿರಬೇಕು, ಮಳೆಯ ನೀರು ಮನೆಯನ್ನು ಬಳಸಿ ಹರಿದುಹೋಗಬೇಕು. ಕಕ್ಕಡ ತಿಂಗಳ ಮಳೆಯನ್ನು ತಲೆಮಾರುಗಳಿಂದ ಕಂಡವರಿಗೆ ನೀರಿನ ದಾರಿಗೆ ಅಡ್ಡನಿಲ್ಲಬಾರದೆಂಬುದು ಶಾಸ್ತ್ರದಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ. ಗುಡ್ಡವನ್ನು ಕಡಿದು, ಹಳ್ಳವನ್ನು ತುಂಬಿ, ಆ ತಿಳಿವಳಿಕೆಯನ್ನು ಕಡೆಗಣಿಸಿದ ಮೇಲೆ ಗುಡ್ಡವೇ ಕುಸಿದು ಏನಾಗುತ್ತದೆಂಬುದನ್ನು 2018ರಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆಯಲ್ಲಿಯೂ, ಮರುವರ್ಷ ನಮ್ಮ ತೋರ ಗ್ರಾಮದಲ್ಲಿಯೂ ಕಂಡು ದುಃಖಿಸಿದ್ದೇವೆ.

ಬೆಂಗಳೂರು ಸಮತಟ್ಟಾದ ಊರೆಂದು ಮೊದಲ ನೋಟಕ್ಕೆ ತೋರುವುದುಂಟು. ಅದು ಸರಿಯಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ಆ ನಗರದ ಮೇಲೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಿಗೆ ಇಳಿದು, ಮೊದಲಿನವೆರಡರ ನೀರು ದಕ್ಷಿಣ ಪಿನಾಕಿನಿಯ ಕಡೆಗೂ, ಮೂರನೆಯದರ ನೀರು ಅರ್ಕಾವತಿಯ ಮೂಲಕ ಕಾವೇರಿಯ ಕಡೆಗೂ ಹರಿಯುತ್ತದೆ. ದೊಡ್ಡ ನದಿಯಿಲ್ಲದ ಆ ನೆಲದಲ್ಲಿ ಹಿಂದಿನವರು ಕಣಿವೆಯುದ್ದಕ್ಕೂ ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳನ್ನು ಕಟ್ಟಿ, ನಡುವೆ ರಾಜಕಾಲುವೆಗಳನ್ನು ಬಿಟ್ಟಿದ್ದರು. ಇಂದು ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ; ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ನೆಲದಲ್ಲಿ. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ. ನೀರು ತನ್ನ ಹಳೆಯ ಹಾದಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಗಳ ಸುತ್ತಿನಲ್ಲಿ ಕೋಟ್ಯಂತರ ರೂಪಾಯಿ ಬೆಲೆಬಾಳುವ ಮನೆಗಳವರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಕರೆದೊಯ್ಯಬೇಕಾಗಿ ಬಂದುದು ಈ ಕಾರಣದಿಂದಲೇ. ಹಣ ಹೆಚ್ಚಾಗಿ ಕೊಟ್ಟ ಮಾತ್ರಕ್ಕೆ ನೆಲ ಎತ್ತರವಾಗುವುದಿಲ್ಲ. ಕೊಡಗಿನವನು ಬೆಂಗಳೂರಿನಲ್ಲಿ ಬೀದಿಯೊಂದಕ್ಕೆ ಕಾಲಿಟ್ಟಾಗ, ಮೊದಲು ಚರಂಡಿಯ ನೀರು ಯಾವ ಕಡೆಗೆ ಓಡುತ್ತದೆಂದು ನೋಡಲಿ. ಬೀದಿಯ ಕೊನೆಯಲ್ಲಿ ರಾಜಕಾಲುವೆ ಇದೆಯೇ, ಸುತ್ತಿನ ಹೆಸರುಗಳಲ್ಲಿ ಕೆರೆಯೆಂಬುದು ಉಳಿದಿದೆಯೇ, ಕಾಂಪೌಂಡಿನ ಗೋಡೆಗಳ ಬುಡದಲ್ಲಿ ನೀರು ನಿಂತ ಕಲೆಯಿದೆಯೇ ಎಂದು ನೋಡಲಿ. ನೆಲವನ್ನು ಓದುವ ಈ ವಿದ್ಯೆ ನಮಗೆ ಹುಟ್ಟಿನಿಂದ ಬಂದದ್ದು. ಅದನ್ನು ಊರಿನಲ್ಲಿಯೇ ಬಿಟ್ಟುಹೋಗಬೇಕಾಗಿಲ್ಲ.

ಇನ್ನು ಕುಡಿಯುವ ನೀರು. 1896ರ ಹೊತ್ತಿಗೆ ಹೆಸರಘಟ್ಟದ ಕೆರೆಯಿಂದಲೂ, 1933ರ ಬಳಿಕ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ಬೆಂಗಳೂರು ನೀರನ್ನು ಪಡೆಯುತ್ತಿದ್ದಿತು. ಊರು ಬೆಳೆದು ಅವೆರಡೂ ಸಾಲದಾಗಲು, 1974ರಲ್ಲಿ ಕಾವೇರಿಯನ್ನೇ ತರುವ ಏರ್ಪಾಡಾಯಿತು. ಶಿವನಸಮುದ್ರದ ಬಳಿ ಎತ್ತಿದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಿ, ಸುಮಾರು 100 ಕಿಲೋಮೀಟರು ದೂರ, 500 ಮೀಟರಿನಷ್ಟು ಎತ್ತರಕ್ಕೆ ಸಾಗಿಸುವ ಆ ವ್ಯವಸ್ಥೆ ಹಂತಹಂತವಾಗಿ ವಿಸ್ತರಿಸುತ್ತ ಬಂದಿದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪುವಿನಲ್ಲಿ ಧುಮುಕಿ ನಮ್ಮ ನಾಡಿನ ಗದ್ದೆಗಳ ನೀರನ್ನು ಕೂಡಿಸಿಕೊಂಡು ಹೋಗುವ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಬೆರೆಯುವುದಷ್ಟೆ; ಆದುದರಿಂದ ನಮ್ಮ ಕಡೆಯ ಸೋನೆಮಳೆಯ ಒಂದಂಶವೇ ಬೆಂಗಳೂರಿನ ನಲ್ಲಿಗಳಲ್ಲಿ ಬರುತ್ತಿದೆಯೆಂದರೆ ಅತಿಶಯೋಕ್ತಿಯಲ್ಲ. ಆದರೆ ಆ ನಲ್ಲಿ ಎಲ್ಲ ಬಡಾವಣೆಗಳಲ್ಲಿಯೂ ಇಲ್ಲ. 2007ರಲ್ಲಿ ಸುತ್ತಣ ನಗರಸಭೆಗಳೊಡನೆ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ, ಮನೆಗಳು ಮೊದಲು ಬಂದು ನೀರು ಹಿಂದುಳಿಯಿತು. ಆ ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ನಗರದ ಹೊರವಲಯದ ಜನ ಟ್ಯಾಂಕರಿನ ಹಾದಿ ಕಾಯುತ್ತ ಪಟ್ಟ ಪಾಡನ್ನು ನಮ್ಮ ಬಂಧುಗಳಿಂದಲೇ ಕೇಳಿದ್ದೇವೆ. ಮನೆಯ ಮಾಲೀಕರನ್ನು ‘ನೀರಿದೆಯೇ’ ಎಂದು ಕೇಳಿದರೆ ಇದೆಯೆಂದೇ ಉತ್ತರ ಬರುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ: ಕಾವೇರಿಯ ಸಂಪರ್ಕವಿದೆಯೇ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬರುತ್ತದೆ, ಸಂಪಿನ ಗಾತ್ರವೆಷ್ಟು, ಬೋರ್‌ವೆಲ್ ಉಂಟೇ, ಟ್ಯಾಂಕರು ತರಿಸಿದರೆ ಅದರ ಹಣ ಯಾರದು. ಉತ್ತರವನ್ನು ಮಾಲೀಕರಿಂದ ಪಡೆದ ಮೇಲೆ, ಎದುರುಮನೆಯ ಗೃಹಿಣಿಯಿಂದಲೂ ಪಡೆಯುವುದು ಲೇಸು.

ಬೆಂಗಳೂರಿನ ಬಡಾವಣೆಗಳು ಒಂದೊಂದೂ ಒಂದೊಂದು ಕಾಲದ ಒಂದೊಂದು ಅವಶ್ಯಕತೆಯಿಂದ ಹುಟ್ಟಿದವು. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಪೇಟೆ ವ್ಯಾಪಾರಕ್ಕಾಗಿ, ದಂಡು ಸೈನ್ಯಕ್ಕಾಗಿ, ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಹಾವಳಿಯ ದಿನಗಳಲ್ಲಿ ಗಾಳಿ ಬೆಳಕುಗಳಿಗಾಗಿ. ಮೃತ್ಯುವಿನ ಭೀತಿಯಿಂದ ಕಟ್ಟಲ್ಪಟ್ಟ ಆ ಎರಡು ಬಡಾವಣೆಗಳಲ್ಲಿ ಅಗಲವಾದ ಬೀದಿಗಳು, ಮನೆಗಳ ಹಿಂದೆ ಓಣಿಗಳು, ನಡುವೆ ಉದ್ಯಾನಗಳು, ನಡೆದು ಮುಟ್ಟುವ ದೂರದಲ್ಲಿ ಮಾರುಕಟ್ಟೆ ಇವೆಲ್ಲವೂ ಕೂಡಿಬಂದುದರಿಂದ, ಶತಮಾನದ ಮೇಲೆಯೂ ಹಿರಿಯರಿಗೆ ಅವುಗಳಿಗಿಂತ ಹಿತವಾದ ನೆಲೆ ನಗರದಲ್ಲಿ ದುರ್ಲಭ. ಡಿ.ವಿ. ಗುಂಡಪ್ಪನವರು, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಸವನಗುಡಿ, ಗವಿಪುರಗಳ ಬೀದಿಗಳಲ್ಲಿ ನಡೆದಾಡಿದವರು. ಅಂಥವರು ಬಾಳಿದ ಊರಿನ ಭಾಗದಲ್ಲಿ ಕನ್ನಡದ ಸಭೆ, ಸಂಗೀತ, ಪುಸ್ತಕದಂಗಡಿಗಳಿಗೆ ಇಂದಿಗೂ ಕೊರತೆಯಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅಡಿಗಲ್ಲು ಕಂಡ ಜಯನಗರವು ಅದೇ ಆದರ್ಶವನ್ನು ಇನ್ನೂ ವಿಶಾಲವಾದ ಪ್ರಮಾಣದಲ್ಲಿ ನಡೆಸಿತು. ಅಲ್ಲಿ ಬ್ಲಾಕು ಬ್ಲಾಕಿಗೂ ಮರಗಳ ನೆರಳು, ಕಾಂಪ್ಲೆಕ್ಸಿನ ಮಾರುಕಟ್ಟೆ, ಹೃದ್ರೋಗಕ್ಕೆ ಹೆಸರಾದ ಜಯದೇವ ಆಸ್ಪತ್ರೆ ಇವೆಲ್ಲ ಕೈಗೆಟಕುವಂತಿವೆ.

ಆದರೆ ಈ ಹಳೆಯ ಬಡಾವಣೆಗಳನ್ನು ಹೊಗಳಿದೊಡನೆ ನಮ್ಮವರು ಕೇಳುವ ಒಂದು ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಎತ್ತಿಕೊಳ್ಳಬೇಕು. ಅಲ್ಲಿಯ ಅನೇಕ ಮನೆಗಳ ಮುಂದೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಷರತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಕೈಲ್‌ಪೊಳ್ದಿನಂದು ಕಡುಂಬುಟ್ಟು, ಪಂದಿಕರಿಗಳಿಲ್ಲದೆ ಹಬ್ಬವೆನ್ನಿಸದ ಮನೆಯವರು, ಈ ವಿಷಯವನ್ನು ಬಚ್ಚಿಟ್ಟು ಮನೆ ಹಿಡಿದು, ಬಳಿಕ ಕಿಟಕಿ ಮುಚ್ಚಿ ಒಗ್ಗರಣೆ ಹಾಕಿಕೊಂಡು ಅಂಜುತ್ತ ಬಾಳುವುದು ತರವಲ್ಲ. ತನ್ನ ಮನೆಯೊಳಗೆ ತನ್ನ ಊಟವನ್ನು ನಿರ್ಭಯವಾಗಿ ಉಣ್ಣಲಾಗದ ನೆಲೆ ಎಷ್ಟು ಸುಂದರವಾಗಿದ್ದರೇನು? ಮುಂಗಡ ಕೊಡುವುದಕ್ಕೆ ಮೊದಲೇ ಇದನ್ನು ನೇರವಾಗಿ ಹೇಳಿಬಿಡತಕ್ಕದ್ದು. ಒಪ್ಪದ ಮಾಲೀಕರಿಗೆ ನಮಸ್ಕಾರ ಹೇಳಿ ಮುಂದಿನ ಬೀದಿಗೆ ಹೋದರಾಯಿತು. ಹಲಸೂರು, ಫ್ರೇಜರ್ ಟೌನ್, ಇಂದಿರಾನಗರ, ರಾಮಮೂರ್ತಿನಗರ, ಯಲಹಂಕಗಳ ಕಡೆಯಲ್ಲಿಯೂ, ಜಯನಗರದ ಎಷ್ಟೋ ಬೀದಿಗಳಲ್ಲಿಯೂ ಈ ಷರತ್ತು ಅಷ್ಟಾಗಿ ಇಲ್ಲ.

ದಿಕ್ಕಿನ ವಿಷಯವಾಗಿ ದಕ್ಷಿಣ ಕೊಡಗಿನವರು ವಿಶೇಷವಾಗಿ ಆಲೋಚಿಸಬೇಕಾದ ಕಾರಣವೊಂದುಂಟು. ರೈಲುಹಾದಿಯಿಲ್ಲದ ಜಿಲ್ಲೆ ನಮ್ಮದು. ಹುದಿಕೇರಿಯಿಂದ ಹೊರಟವರು ಪೊನ್ನಂಪೇಟೆ, ಗೋಣಿಕೊಪ್ಪಲು, ತಿತಿಮತಿ, ಹುಣಸೂರು, ಮೈಸೂರುಗಳ ಮೇಲೆ ಸುಮಾರು 240 ಕಿಲೋಮೀಟರು ಸಾಗಿ, ಬೆಂಗಳೂರನ್ನು ಪ್ರವೇಶಿಸುವುದು ಅದರ ನೈರುತ್ಯದ ಬಾಗಿಲಾದ ಕೆಂಗೇರಿಯಿಂದ; ಬಸ್ಸು ಇಳಿಸುವುದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ. 2023ರಲ್ಲಿ ಹೊಸ ದಶಪಥ ರಸ್ತೆ ಉದ್ಘಾಟನೆಯಾದ ಮೇಲೆ ಮೈಸೂರಿನಿಂದ ಕೆಂಗೇರಿಯವರೆಗಿನ ದಾರಿ ಬಹುಮಟ್ಟಿಗೆ ಸುಗಮವಾಗಿದೆ. ಆದರೆ ಕೆಂಗೇರಿಯಿಂದ ಆಚೆ, ನಗರದ ಪೂರ್ವದ ತುದಿಗೆ ಹೋಗಬೇಕಾದವನಿಗೆ, ಶುಕ್ರವಾರದ ಸಂಜೆಯಲ್ಲಿ, ಮಂಡ್ಯ ಮದ್ದೂರುಗಳನ್ನು ದಾಟಿದುದಕ್ಕಿಂತ ಹೆಚ್ಚಿನ ಹೊತ್ತು ನಗರದೊಳಗೇ ಕಳೆದುಹೋಗುವುದುಂಟು. ಊರಿನ ಸಂಬಂಧವನ್ನು ಕಡಿದುಕೊಂಡು ಹೋಗುವವರಿಗೆ ಇದು ದೊಡ್ಡ ವಿಷಯವಲ್ಲ. ಆದರೆ ನಾವು ಹಾಗೆ ಹೋಗುವವರಲ್ಲವಷ್ಟೆ: ತುಲಾ ಸಂಕ್ರಮಣಕ್ಕೆ, ಪುತ್ತರಿಗೆ, ಗತಿಸಿದ ಹಿರಿಯರಿಗೆ ಕಾರಣ ಕೊಡುವುದಕ್ಕೆ, ಕಾಫಿ ಕುಯ್ಲಿಗೆ, ಮೆಣಸಿನ ಕುಯ್ಲಿಗೆ, ಸಾವಿಗೆ, ತಿಥಿಗೆ, ಪದೇ ಪದೇ ಬರಬೇಕಾದವರು. ಊರಿನಲ್ಲಿ ಒಬ್ಬರೇ ಉಳಿದ ತಾಯಿಗೆ ಮೈ ಸರಿಯಿಲ್ಲವೆಂದು ನಡುರಾತ್ರಿಯಲ್ಲಿ ದೂರವಾಣಿ ಬಂದಾಗ, ನಗರವನ್ನು ಅಡ್ಡಹಾಯುವ ಒಂದೂವರೆ ಗಂಟೆಯ ಬೆಲೆ ತಿಳಿಯುತ್ತದೆ.

ಈ ದೃಷ್ಟಿಯಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಬೇರೆ ಪ್ರಬಲವಾದ ಕಾರಣವಿಲ್ಲದ ಪಕ್ಷದಲ್ಲಿ, ನಮ್ಮ ಕಡೆಯ ಸಂಸಾರಗಳು ಪಶ್ಚಿಮದ ಬೆಂಗಳೂರನ್ನು, ಎಂದರೆ ವಿಜಯನಗರ, ಅತ್ತಿಗುಪ್ಪೆ, ನಾಗರಬಾವಿ, ರಾಜರಾಜೇಶ್ವರಿ ನಗರ, ಕೆಂಗೇರಿ ಉಪನಗರಗಳ ಸುತ್ತನ್ನು, ಮೊದಲು ನೋಡುವುದು ಉಚಿತ. ಹತ್ತು ಹದಿನೈದು ವರ್ಷಗಳ ಹಿಂದೆ ಈ ಮಾತು ಹೇಳುವಂತಿರಲಿಲ್ಲ. ಕೆಲಸ ಪೂರ್ವಕ್ಕೆ, ಮನೆ ಪಶ್ಚಿಮಕ್ಕೆ ಆದರೆ ಮನುಷ್ಯನ ಆಯುಷ್ಯ ರಸ್ತೆಯಲ್ಲಿಯೇ ಸವೆಯುತ್ತಿತ್ತು. 2011ರಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ತೊಡಗಿದ ಮೆಟ್ರೋ, 2023ರ ಅಕ್ಟೋಬರಿನಿಂದ ಕೆಂಗೇರಿಯಾಚೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರಿಗೂ ಮಿಕ್ಕಿದ ಒಂದೇ ಹಾದಿಯಾಗಿ ಓಡುತ್ತಿದೆ. ಕೆಂಗೇರಿಯಲ್ಲಿ ಹತ್ತಿದವನು ವಿಜಯನಗರ, ಮೆಜೆಸ್ಟಿಕ್, ಕಬ್ಬನ್ ಉದ್ಯಾನ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳನ್ನು ದಾಟಿ, ಹಾದಿಯ ಸಂದಣಿಯ ಚಿಂತೆಯಿಲ್ಲದೆ, ಪುಸ್ತಕ ಓದುತ್ತಲೇ ವೈಟ್‌ಫೀಲ್ಡು ಸೇರಬಹುದು. ಸಮಯವೇನೋ ಹಿಡಿಯುತ್ತದೆ, ಆದರೆ ಆ ಸಮಯ ನಿಶ್ಚಿತವಾದುದು, ಇಂದು ಒಂದು ಗಂಟೆ, ನಾಳೆ ಮೂರು ಗಂಟೆ ಎನ್ನುವಂಥದಲ್ಲ. ಆದುದರಿಂದ ಆಫೀಸು ಎಷ್ಟು ಕಿಲೋಮೀಟರು ದೂರವೆಂದು ಕೇಳುವುದಕ್ಕಿಂತ, ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗಲಾಗುತ್ತದೆಯೇ ಎಂದು ಕೇಳುವುದು ಹೆಚ್ಚು ಪ್ರಯೋಜನಕರ. ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಕೆಲಸವುಳ್ಳವರಿಗೆ, 2025ರಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರಕ್ಕೆ ಆರಂಭವಾದ ಹಳದಿ ಮಾರ್ಗದಿಂದಾಗಿ, ಜಯನಗರ, ಬನಶಂಕರಿಗಳ ಸುತ್ತಿನಲ್ಲಿ ನೆಲಸುವುದು ಸಾಧ್ಯವಾಗಿದೆ. ದೇವನಹಳ್ಳಿಯ ವಿಮಾನನಿಲ್ದಾಣದ ಕಡೆಯವರಿಗೆ ಈ ಸೌಕರ್ಯ ಇನ್ನೂ ಒದಗಿಲ್ಲ. ಅವರು ಹೆಬ್ಬಾಳದ ಆಚೆ, ಸಹಕಾರನಗರ, ಯಲಹಂಕಗಳಲ್ಲಿಯೇ ನೋಡುವುದು ಮೇಲು.

ನೆಲ, ನೀರು, ದಾರಿಗಳನ್ನು ಹೇಳಿದ್ದಾಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿರುವುದು ನೆರೆಯವರ ವಿಷಯ. ಕೊಡಗಿನ ಹಳ್ಳಿಗಳಲ್ಲಿ ಮನೆಗೂ ಮನೆಗೂ ನಡುವೆ ತೋಟ, ಗದ್ದೆಗಳ ಅಂತರವಿದ್ದರೂ, ಸಾವು ಸಂಭವಿಸಿದಾಗ ಹಾರಿಸುವ ಎರಡು ಗುಂಡುಗಳ ಸದ್ದನ್ನು ಕೇಳಿದ ಕೇರಿಯ ಜನರು, ಕರೆಗೆ ಕಾಯದೆ, ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ಆ ಮನೆಗೆ ಬರುತ್ತಾರೆ. ಸೌದೆ ತರುವವರು, ಅಡುಗೆಯ ಹೊರೆ ಹೊರುವವರು, ದೂರದ ನಂಟರಿಗೆ ಸುದ್ದಿ ಮುಟ್ಟಿಸುವವರು ಯಾರೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಗರದಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಆದರೆ ಗೋಡೆಯಾಚೆ ಇರುವವರ ಹೆಸರೇ ತಿಳಿಯದೆ ವರ್ಷಗಳು ಕಳೆಯಬಹುದು. ಹಗಲಿನಲ್ಲಿ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಜಾರಿಬಿದ್ದರೆ ಬಾಗಿಲು ತಟ್ಟುವವರು ಯಾರು? ಈ ಪ್ರಶ್ನೆಗೆ ಉತ್ತರ ದೊರೆಯುವಂಥ ಬೀದಿಯನ್ನು ಹುಡುಕಿಕೊಳ್ಳಬೇಕು. ಅದನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಸಂಜೆಯ ಹೊತ್ತು ಗೇಟುಗಳ ಬಳಿ ಜನ ನಿಂತು ಮಾತಾಡುತ್ತಿರುವ ಬೀದಿ, ಹತ್ತಾರು ವರ್ಷಗಳಿಂದ ಅಲ್ಲಿಯೇ ಇರುವ ಕುಟುಂಬಗಳು ಕೆಲವಾದರೂ ಉಳಿದಿರುವ ಬೀದಿ, ಅಂಗಡಿಯವನು ಗಿರಾಕಿಗಳನ್ನು ಹೆಸರು ಹಿಡಿದು ಮಾತಾಡಿಸುವ ಬೀದಿ, ನಮ್ಮ ಹೆಂಗಸರು ಕನ್ನಡದಲ್ಲಿ ಮಾತಾಡಿ ವ್ಯವಹಾರ ಮಾಡಬಹುದಾದ ಬೀದಿ ಒಳ್ಳೆಯದು.

ತಮ್ಮವರೇ ಇರುವ ಕಡೆ ಹೋಗಬೇಕೇ ಎಂದು ಕೆಲವರು ಕೇಳುತ್ತಾರೆ. ಬಡಾವಣೆ ಬಡಾವಣೆಗಳಲ್ಲಿ ಕೊಡವ ಕೂಟಗಳು ಇವೆ. ಅರೆಭಾಷೆಯ ಗೌಡ ಬಂಧುಗಳ ಸಂಘಟನೆಗಳಿವೆ. ಕೊಡಗಿನ ಇತರ ಜನಾಂಗಗಳವರೂ ನಗರದಲ್ಲಿ ಅಲ್ಲಲ್ಲಿ ಕೂಡುತ್ತಾರೆ. ಮಕ್ಕಳು ಉಮ್ಮತ್ತಾಟ್, ಬೊಳಕಾಟ್‌ಗಳನ್ನು ಕಲಿಯುವುದಕ್ಕೂ, ಮನೆಮಾತು ಬಾಯಲ್ಲಿ ಉಳಿಯುವುದಕ್ಕೂ ಇಂಥ ಕೂಟಗಳ ಸಾಮೀಪ್ಯ ಬಹಳ ಬೇಕು. ಆದರೂ ಸ್ವಜನರು ಇದ್ದಾರೆಂಬ ಒಂದೇ ಕಾರಣಕ್ಕೆ ನೀರಿಲ್ಲದ, ನಡೆಯಲು ಹಾದಿಯಿಲ್ಲದ ದೂರದ ಬಡಾವಣೆಗೆ ಹೋಗಿ ಸೇರುವುದು ಸರಿಯೆಂದು ನನಗೆ ತೋರುವುದಿಲ್ಲ. ನಾನಾ ಕಡೆಯ ಜನ ಕಲೆತಿರುವ ಒಳ್ಳೆಯ ಬೀದಿಯಲ್ಲಿದ್ದುಕೊಂಡು, ತಿಂಗಳಿಗೊಮ್ಮೆ ಕೂಟಕ್ಕೆ, ಹಬ್ಬಕ್ಕೆ ವಸಂತನಗರದ ಸಮಾಜಕ್ಕೆ ಹೋಗಿಬರುವ ಬಾಳು ಮಕ್ಕಳಿಗೂ ಹಿತ, ಹಿರಿಯರಿಗೂ ಹಿತ.

ಇಷ್ಟು ಹೊತ್ತು ಆರಿಸುವ ಶಕ್ತಿಯುಳ್ಳವರನ್ನು ಕುರಿತು ಮಾತಾಡಿದೆನು. ನಮ್ಮ ತೋಟದ ಕೂಲಿಯವರ ಲೈನುಮನೆಗಳಿಂದ ಹೊರಟು, ಕಾವಲುಗಾರರಾಗಿಯೋ ಮನೆಗೆಲಸದವರಾಗಿಯೋ ಬೆಂಗಳೂರು ಸೇರುವ ಯುವಕ ಯುವತಿಯರೂ ಇದ್ದಾರೆ. ಅವರಿಗೆ ಬಡಾವಣೆಯ ಆಯ್ಕೆಯೆಂಬುದು ದೂರದ ಮಾತು. ಕೆಲಸ ಕೊಡಿಸಿದವರು ತೋರಿಸಿದ ಕೋಣೆಯೇ ಅವರ ನೆಲೆ. ಮೊದಲೇ ಹೋಗಿ ನೆಲಸಿದ ತೋಟದ ಧಣಿಗಳ ಮಕ್ಕಳು ಇವರ ವಿಳಾಸವನ್ನು ಬಲ್ಲವರಾಗಿ, ಕಷ್ಟ ಬಂದಾಗ ಬಾಗಿಲು ತೆರೆಯುವವರಾಗಿ ಇರಬೇಕಾದುದು ಊರಿನ ಋಣ. ಇದನ್ನು ಸಮಾಜಗಳೂ ಕೂಟಗಳೂ ತಮ್ಮ ಕಾರ್ಯಕ್ರಮಗಳಲ್ಲಿ ಸೇರಿಸಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ!

ಮೈಸೂರನ್ನು ಕುರಿತು ಒಂದೇ ಮಾತು. ಕೆಲಸದ ನಿರ್ಬಂಧವಿಲ್ಲದ ನಿವೃತ್ತರಿಗೂ, ಮಕ್ಕಳ ಓದಿಗಾಗಿ ಮಾತ್ರ ಹೊರಡುವವರಿಗೂ ಅದು ಬೆಂಗಳೂರಿಗಿಂತ ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ. ಮೈಸೂರಿನದೇ ಆದ ವಿಜಯನಗರ ಬಡಾವಣೆಯಲ್ಲಿ ಕೊಡವ ಸಮಾಜವಿದೆ, ಬೆಳಿಗ್ಗೆ ಗೋಣಿಕೊಪ್ಪಲಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು.

ಬೆಂಗಳೂರಿನಲ್ಲಿ ಮನೆಯನ್ನೋ ನಿವೇಶನವನ್ನೋ ಕೊಂಡುಕೊಳ್ಳುವವರಿಗೆ ಎಚ್ಚರಿಕೆಯ ಮಾತೊಂದುಂಟು. ಜಮ್ಮಾ ಬಾಣೆಯ ಹಕ್ಕಿನಲ್ಲಿ ಬೆಳೆದ ನಮಗೆ, ಪಟ್ಟೇದಾರರ ಹೆಸರಿನಲ್ಲಿ ದಾಖಲೆಯಿದ್ದು ಒಕ್ಕದವರೆಲ್ಲ ಅನುಭವದಲ್ಲಿರುವ ಜಮೀನು ಅಪರಿಚಿತವಲ್ಲ. ಕಾಗದಕ್ಕಿಂತ ಮಾತಿಗೆ, ಅನುಭವಕ್ಕೆ ಬೆಲೆಕೊಡುವುದು ನಮ್ಮ ರೂಢಿ. ಬೆಂಗಳೂರಿನಲ್ಲಿ ಆ ರೂಢಿ ನಡೆಯದು. ವ್ಯವಸಾಯದ ಭೂಮಿಯನ್ನು ಕ್ರಮಬದ್ಧವಾಗಿ ಪರಿವರ್ತಿಸದೆ ಹಂಚಿ ಮಾರಿದ ಕಂದಾಯ ನಿವೇಶನಗಳು ಹೊರವಲಯದಲ್ಲಿ ಹೇರಳವಾಗಿದ್ದು, ಅವುಗಳ ಬೆಲೆ ಕಡಿಮೆಯಿರುವುದರಿಂದಲೇ ಊರಿನಿಂದ ಬಂದವರು ಅವುಗಳ ಬಲೆಗೆ ಬೀಳುತ್ತಾರೆ. 1976ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೋ ಅದರ ಹಿಂದಿನ ನಗರಾಭಿವೃದ್ಧಿ ಮಂಡಳಿಯೋ ರಚಿಸಿದ ಬಡಾವಣೆಗಳಲ್ಲಿ ಈ ಭಯ ಕಡಿಮೆ. ಖಾತೆ ‘ಎ’ಯೋ ‘ಬಿ’ಯೋ, ಋಣಭಾರ ಪತ್ರದಲ್ಲಿ ಏನಿದೆ, ನಕ್ಷೆಗೆ ಅನುಮತಿಯಿದೆಯೇ ಎಂಬುದನ್ನು ಮಾರುವವನ ವಕೀಲರಿಂದಲ್ಲದೆ ತಮ್ಮದೇ ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ತೋಟದ ಒಂದು ಭಾಗವನ್ನು ಮಾರಿ ತಂದ ಹಣವಾದರೆ ಈ ಎಚ್ಚರ ಇಮ್ಮಡಿಯಾಗಿರಲಿ. ಹೋದ ತೋಟ ಮರಳಿ ಬರುವುದಿಲ್ಲ.

ಕಡೆಯದಾಗಿ, ಕಾಲದ ವಿಷಯ. ಕಾಫಿ, ಮೆಣಸುಗಳ ಕುಯ್ಲು ಮುಗಿದು, ಹೂಮಳೆಯೂ ಆಗಿ, ಕೈಗೆ ಕೊಂಚ ಬಿಡುವು ದೊರೆಯುವ ಏಪ್ರಿಲ್ ತಿಂಗಳಿನಲ್ಲಿ ಮನೆ ಹುಡುಕಲು ಹೋಗುವುದು ಎರಡು ವಿಧದಿಂದ ಒಳ್ಳೆಯದು: ಜೂನಿನಲ್ಲಿ ಶಾಲೆಗಳು ತೆರೆಯುವ ಮೊದಲು ನೆಲಸಬಹುದು, ಬೇಸಿಗೆಯಲ್ಲಿ ನೀರಿನ ನಿಜಸ್ಥಿತಿ ಕಣ್ಣಿಗೆ ಕಾಣುತ್ತದೆ. ಆದರೆ ಏಪ್ರಿಲಿನಲ್ಲಿ ಕಂಡ ಬೀದಿಯ ಮಳೆಗಾಲದ ರೂಪ ಬೇರೆ. ಬೆಂಗಳೂರಿನ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ. ಆದುದರಿಂದ ಮೊದಲ ವರ್ಷವೇ ಕೊಂಡುಕೊಳ್ಳುವ ಆತುರಕ್ಕೆ ಬೀಳದೆ, ದೊಡ್ಡ ಮೊತ್ತವನ್ನು ಭೋಗ್ಯಕ್ಕೂ ಹಾಕದೆ, ತಿಂಗಳ ಬಾಡಿಗೆಗೆ ಮನೆ ಹಿಡಿದು, ಆ ಬಡಾವಣೆಯಲ್ಲಿ ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಳೆಯಬೇಕು. ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಅಲ್ಲಿ ಬಲವಾಗಿರುವುದರಿಂದ, ಆ ಹಣಕ್ಕೆ ರಸೀತಿಯನ್ನೂ, ಅದು ಮರಳುವ ಷರತ್ತನ್ನೂ ಕರಾರಿನಲ್ಲಿ ಬರೆಯಿಸಿಕೊಳ್ಳಬೇಕು. ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದು. ಅದು ಮುಗಿಯುವ ಮುನ್ನ ಮನೆಯ ಹಿರಿಯರನ್ನು ಕೂರಿಸಿಕೊಂಡು ಈ ಬೀದಿ ಹೇಗಿದೆಯೆಂದು ಕೇಳಿರಿ. ಅವರಿಗೆ ಒಪ್ಪಿಗೆಯಾದರೆ ಕರಾರನ್ನು ಮುಂದುವರಿಸಬಹುದು, ಇಲ್ಲವಾದರೆ ಮುಂದಿನ ಏಪ್ರಿಲಿನಲ್ಲಿ, ಅವರನ್ನೂ ಕರೆದುಕೊಂಡು, ಬೇರೊಂದು ಬಡಾವಣೆಯಲ್ಲಿ ಹುಡುಕಲು ತೊಡಗಿರಿ.